ಎರಡನೇ ಬಾಜುವಿನ ದನಿ

ಐನಾಪುರ
೧೦ ಜೂನ್ ೨೦೨೪

ಮಾನ್ಯ ದೇವಿಂದ್ರಪ್ಪನವರಿಗೆ ನಮಸ್ಕಾರಗಳು.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು, “ಏನಿದ್ರೂ ಲಿಖಿತ ಕಳಸ್ರಿ, ಫೋನಿನ ಮಾತಿಗೆ ಸಹಿ ಇರೂದಿಲ್ಲ” ಎಂದು ಇಟ್ಟುಬಿಟ್ಟಿರಿ. ಆದ್ದರಿಂದ ಈ ಕಾಗದ.

ನಾನು ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಯ ಭಾನುವಾರ ಸಂಜೆ ಹತ್ತು ಹನ್ನೆರಡು ಜನ ಅಲ್ಲಿ ಕೂತು ಒಂದು ಹಳೆಯ ಕ್ಯಾಸೆಟ್ ಪೂರ್ತಿ ಕೇಳುತ್ತೇವೆ. ಹೆಸರು ಮಾಡಿದ ಕ್ಯಾಸೆಟ್ ನಮಗೆ ಬೇಡ. ಚೆನ್ನಾಗಿದ್ದೂ ಯಾರ ಕಿವಿಗೂ ಬೀಳದೆ ಹೋದದ್ದು ಬೇಕು. ಇಷ್ಟವಾದರೆ ಹಾಡಿದವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಎಲ್ಲರೂ ಕೇಳುವಂತೆ ಹಾಕುತ್ತೇವೆ. ಇದರಿಂದ ಯಾರಿಗೂ ಲಾಭವಿಲ್ಲ.

ಕಳೆದ ತಿಂಗಳು ನಿಮ್ಮ ‘ಕಾಗಿಣಾ ದಂಡಿ’ ಕೇಳಿದೆವು. ೧೯೯೭ರದು. ನಮ್ಮವ್ವ ಲಾಲಮ್ಮನ ಹತ್ತಿರ ಇದ್ದದ್ದು ಅದೊಂದೇ ಕ್ಯಾಸೆಟ್. ಕೂಲಿಯಿಂದ ಬಂದು ಒಲೆ ಹಚ್ಚುವಾಗ ಅದನ್ನು ಹಾಕುತ್ತಿದ್ದಳು, ನಾನು ಅದನ್ನು ಕೇಳುತ್ತಲೇ ಬೆಳೆದೆ. ಹೊಳೆಯ ಮೇಲೆ, ಕಲ್ಲುಗಣಿಯ ಮೇಲೆ, ನಮ್ಮ ಬಿಸಿಲಿನ ಮೇಲೆ ಹಾಗೆ ಪದ ಕಟ್ಟಿ ಹಾಡಿದವರನ್ನು ನಾನು ಬೇರೆ ಕಂಡಿಲ್ಲ. ಅದರಲ್ಲೂ ಕ್ಯಾಸೆಟ್ ತಿರುವಿ ಹಾಕಿದಾಗ ಬರುವ ಎರಡನೇ ಬಾಜು! ಹಾಡಿನಿಂದ ಹಾಡಿಗೆ ನಿಮ್ಮ ದನಿ ಎಳೆಯದಾಗುತ್ತ ಹೋಗುತ್ತದೆ. ಮೊದಲನೆಯದನ್ನು ನಲವತ್ತರ ಮನುಷ್ಯ ಹಾಡಿದಂತಿದೆ, ನಾಲ್ಕನೆಯದನ್ನು ಇಪ್ಪತ್ತರವನು. ಇದನ್ನು ಹೇಗೆ ಮಾಡಿದಿರಿ? ನಮ್ಮ ಕೂಟದಲ್ಲಿ ಎಲ್ಲರೂ ಕೇಳಿದ್ದು ಇದನ್ನೇ.

ನಿಮ್ಮ ಒಪ್ಪಿಗೆಯ ಎರಡು ಸಾಲು ಬಂದರೆ ಸಾಕು.

ವಿಶ್ವಾಸದ,
ಸುಮಂಗಲಾ


ನಾಲವಾರ
೨೬ ಜೂನ್ ೨೦೨೪
ರಜಿಸ್ಟರ್ ಅಂಚೆ, ಸ್ವೀಕೃತಿ ಸಹಿತ

ಶ್ರೀಮತಿ ಅಥವಾ ಕುಮಾರಿ ಸುಮಂಗಲಾ ಅವರಿಗೆ,

ಯಾವುದೆಂದು ನೀವು ಬರೆದಿಲ್ಲ. ಇದು ನಿಮ್ಮ ಕಾಗದದ ಮೊದಲನೇ ಲೋಪ. ಒಳಗೆ ಐನಾಪುರ ಎಂದಿದೆ, ಲಕೋಟೆಯ ಮೇಲಿನ ಠಸ್ಸೆ ಚಿಂಚೋಳಿಯದು. ಇರಲಿ.

ನಾನು ಚಿತ್ತಾಪುರದ ಕಚೇರಿಯೊಂದರ ನಕಲು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಅಸಲು ಕಾಗದಕ್ಕೂ ನಕಲಿಗೂ ಸಾಲು ಸಾಲು ತಾಳೆ ನೋಡಿ, ‘ಅಸಲಿನಂತಿದೆ’ ಎಂದು ಮುದ್ರೆ ಒತ್ತುವುದು ನನ್ನ ಕೆಲಸವಾಗಿತ್ತು. ಆ ಚಾಳಿ ಪೆನ್ಷನ್ ಬಂದ ಮೇಲೂ ಹೋಗಿಲ್ಲ. ಅದಕ್ಕೇ ಕೇಳುತ್ತೇನೆ, ಸಿಟ್ಟಾಗಬೇಡಿ.

ಇಪ್ಪತ್ತೇಳು ವರ್ಷ ಯಾರೂ ಮೂಸದ ಕ್ಯಾಸೆಟ್ಟಿನ ಮೇಲೆ ನಿಮಗೆ ಈಗ ಯಾಕೆ ಪ್ರೀತಿ ಉಕ್ಕಿತು? ಅದೂ ಎರಡನೇ ಬಾಜುವಿನ ಮೇಲೆಯೇ ಯಾಕೆ? ಎಳೆಯ ದನಿಯ ಮಾತೆತ್ತಿ ನನ್ನನ್ನು ಚುಚ್ಚಿ ನೋಡಲು ಯಾರು ಹೇಳಿಕೊಟ್ಟರು? ಶಹಾಬಾದಿನಿಂದ ಯಾರಾದರೂ ನಿಮ್ಮನ್ನು ಕಂಡಿದ್ದರೆ ಅವರ ಹೆಸರು ಬರೆಯಿರಿ. ಲಾಭವಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದ್ದೀರಿ. ಕೇಳದೆ ಹೇಳಿದ ಮಾತನ್ನು ನಾನು ಎರಡು ಸಲ ಓದುತ್ತೇನೆ.

ಸಮಾಧಾನವಾಗುವಂಥ ಉತ್ತರ ಬರುವವರೆಗೆ ಒಪ್ಪಿಗೆ ಇಲ್ಲ. ಈ ಪತ್ರದ ನಕಲು ನನ್ನ ಬಳಿ ಇದೆ.

ಶರಣು,
ದೇವಿಂದ್ರಪ್ಪ


ಐನಾಪುರ
೯ ಜುಲೈ ೨೦೨೪

ಮಾನ್ಯರೇ,

ಶ್ರೀಮತಿ. ಗಂಡ ಸುರೇಶಕುಮಾರ, ಚಿಂಚೋಳಿಯಲ್ಲಿ ಮೇಷ್ಟ್ರು. ಅವರು ಶಾಲೆಗೆ ಹೋದಾಗ ನನ್ನ ಕಾಗದವನ್ನು ಅಲ್ಲಿಯ ಡಬ್ಬಿಗೆ ಹಾಕಿದರು, ಠಸ್ಸೆಯ ರಹಸ್ಯ ಇಷ್ಟೇ. ನಂಬಿಕೆಗಾಗಿ ನಮ್ಮ ಗ್ರಂಥಾಲಯದ ಒಂದು ರಸೀದಿಯನ್ನು ಲಗತ್ತಿಸಿದ್ದೇನೆ.

ಶಹಾಬಾದಿನಲ್ಲಿ ನನಗೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಇರಲಿಲ್ಲ ಎನ್ನಬೇಕು, ನೀವು ಬರೆದ ಮೇಲೆ ಅಲ್ಲಿ ಯಾರಿದ್ದಾರೆ ಎಂಬ ಕುತೂಹಲ ಹುಟ್ಟಿದೆ. ಕ್ಯಾಸೆಟ್ಟಿನ ಮೇಲೆ ‘ದೇವಿಂದ್ರಪ್ಪ ನಾಲವಾರ ಮತ್ತು ಸಂಗಡಿಗರು’ ಎಂದಷ್ಟೇ ಇದೆ. ಆ ತಬಲಾ ಬಾರಿಸಿದ ಸಂಗಡಿಗರು ಯಾರು? ಮೊದಲನೇ ಬಾಜುವಿನಲ್ಲಿ ಅವರ ಎಡಗೈಯ ಡಗ್ಗಾ ನೆಲದೊಳಗಿಂದ ಎದ್ದು ಬಂದಂತೆ ಕೇಳುತ್ತದೆ.

ಚುಚ್ಚಬೇಕೆಂದು ಬರೆಯಲಿಲ್ಲ. ಮೆಚ್ಚಿದ್ದೂ ತಪ್ಪಾಯಿತೇ?

ಸುಮಂಗಲಾ


ನಾಲವಾರ
೨೨ ಜುಲೈ ೨೦೨೪

ಶ್ರೀಮತಿ ಸುಮಂಗಲಾ ಅವರಿಗೆ,

ರಸೀದಿ ಅಸಲಿದೆ. ನೋಡಿದೆ.

ತಬಲಾದವನ ಹೆಸರು ಹಾಜಿಸಾಬ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕೆಲಸ. ಹದಿನಾರು ವರ್ಷ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಭಜನೆ ಮಾಡಿದವರು. ಪದ ನಾನು ಕಟ್ಟುತ್ತಿದ್ದೆ, ಅದಕ್ಕೆ ನಡಿಗೆ ಕಲಿಸುತ್ತಿದ್ದವನು ಅವನು. ಇಷ್ಟು ಹೊಗಳಿದ್ದು ಸಾಕು.

ನೀವು ಕೇಳಿದ್ದಕ್ಕೆ ಉತ್ತರ: ಎರಡನೇ ಬಾಜುವಿನ ದನಿ ನನ್ನದಲ್ಲ.

೧೯೯೭ರ ಮೇ ತಿಂಗಳಲ್ಲಿ ವಾಡಿಯಲ್ಲಿ ರೆಕಾರ್ಡಿಂಗ್ ಆಯಿತು. ರೇಡಿಯೋ ರಿಪೇರಿಯ ಮಹೇಶಕುಮಾರ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಡಿದ. ಈಗ ಅವನಿಲ್ಲ. ಎರಡೂ ಬಾಜು ನಾನೇ ಹಾಡಿದೆ, ಒಂದೇ ದಿನ. ಸಂಜೆ ಪ್ಯಾಸೆಂಜರ್ ಹಿಡಿದು, ಪೇಟಿ ಹೆಗಲ ಮೇಲೆ ಹೊತ್ತು ನಾಲವಾರಕ್ಕೆ ಬಂದೆ. ಆ ಹಾರ್ಮೋನಿಯಂ ಅಂದಿನಿಂದ ಇವತ್ತಿನವರೆಗೆ ನನ್ನ ಮನೆಯ ಹೊಸ್ತಿಲು ದಾಟಿಲ್ಲ. ತಿಂಗಳಾದ ಮೇಲೆ ಕ್ಯಾಸೆಟ್ ಬಂತು. ಮನೆಯವರನ್ನೆಲ್ಲ ಕೂಡಿಸಿ ಹಾಕಿದೆ. ಮೊದಲನೇ ಬಾಜುವಿನಲ್ಲಿ ನಾನಿದ್ದೆ. ತಿರುವಿ ಹಾಕಿದರೆ ಬೇರೆ ಯಾವನೋ ಸಣ್ಣ ದನಿಯವನು ನನ್ನ ಪದಗಳನ್ನು ಅವಸರ ಅವಸರವಾಗಿ ಹಾಡುತ್ತಿದ್ದ.

ಆ ದನಿಯನ್ನು ನಾನು ಬಲ್ಲೆ. ಸೇಡಂನಲ್ಲಿ ಸಂಗಮೇಶ್ವರ ಎಂಬುವನೊಬ್ಬ ಹಾಡುತ್ತಿದ್ದ, ಹಾಜಿಸಾಬ ಅವನಿಗೂ ತಬಲಾ ಬಾರಿಸುತ್ತಿದ್ದ. ನಾನು ಹೋದ ಮೇಲೆ ಇವರು ಸೇರಿ ಎರಡನೇ ಬಾಜುವನ್ನು ಅಳಿಸಿ ಅವನಿಂದ ಹಾಡಿಸಿದ್ದಾರೆ. ಕಾರಣವೂ ಗೊತ್ತು. ಕ್ಯಾಸೆಟ್ಟಿನ ಹೊದಿಕೆ ಮೊದಲೇ ಅಚ್ಚಾಗಿ ಬಂದಿತ್ತು. ಅದರಲ್ಲಿ ತನ್ನ ಹೆಸರಿಲ್ಲದ್ದನ್ನು ಹಾಜಿಸಾಬ ಅವತ್ತು ಬೆಳಿಗ್ಗೆ ನೋಡಿದ. ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದ ಮನುಷ್ಯ ಯಾಕೆ ಸುಮ್ಮನಿರುತ್ತಾನೆ?

ಅಂದಿನಿಂದ ಮಾತಿಲ್ಲ. ಚಿತ್ತಾಪುರದಿಂದ ನಾಲವಾರದವರೆಗೆ ಕಂಡವರಿಗೆಲ್ಲ ನಾನೇ ಹೇಳಿದೆ, ಅದು ಕಳ್ಳ ಕ್ಯಾಸೆಟ್, ತೆಗೆದುಕೊಳ್ಳಬೇಡಿ ಎಂದು.

ಎರಡನೇ ಬಾಜುವನ್ನು ಹಾಡಿದವರು ಯಾರೆಂದು ಹಾಜಿಸಾಬ ಬರೆದು ಸಹಿ ಮಾಡಿ ಕೊಡಲಿ. ಅಂದೇ ಒಪ್ಪಿಗೆ ಕೊಡುತ್ತೇನೆ. ಸಾಯುವುದರೊಳಗೆ ನನಗೆ ಬೇಕಾದದ್ದು ಅದೊಂದೇ.

ದೇವಿಂದ್ರಪ್ಪ


ಶಹಾಬಾದ
೧೧ ಆಗಸ್ಟ್ ೨೦೨೪

ಸುಮಂಗಲಾ ಅಕ್ಕಾಗೆ ಉಜ್ಮಾಳ ಸಲಾಂ.

ನಿಮ್ಮ ಕಾಗದ ನಮ್ಮಜ್ಜ ಹಾಜಿಸಾಬರಿಗೆ ಓದಿ ಹೇಳಿದೆ. ಕಲ್ಲಿನ ಧೂಳಿನಿಂದ ಅಜ್ಜನ ಕಣ್ಣು ಮಂಜಾಗಿದೆ, ಅವರು ಹೇಳಿದ್ದನ್ನು ನಾನು ಹಾಗೇ ಬರೆಯುತ್ತಿದ್ದೇನೆ.

“ಬೇಟಿ, ನೀ ಯಾರು ನನಗ ಗೊತ್ತಿಲ್ಲ. ಆ ದೇವಿಂದ್ರ ನಿನ್ನ ಕೈಯಾಗ ಬರಸ್ಲಿಕತ್ತಾನ ಅಂತ ನನಗ ಶಕ್ ಅದ. ಅಂವಗ ಕಾಗದಾ ಅಂದ್ರ ಜೀವ. ಎರಡನೇ ಬಾಜು ಯಾರು ಹಾಡ್ಯಾರ ಅಂತ ನನ್ನ ಯಾಕ ಕೇಳ್ತಿ? ಅದರಾಗಿನ ತಬಲಾ ಯಾರದು ಅಂತ ಮೊದಲ ಅವನ ಕೇಳು. ಅದು ನಂದಲ್ಲ. ನನ್ನ ಡಗ್ಗಾ ಬಾರಿಸಿದ್ರ ಕುಂತ ಫರಸಿಗೆ ತಿಳೀಬೇಕು. ಅದರಾಗ ಡಬ್ಬಿ ಬಡದಂಗ ಅದ, ಟಣಕ್ ಟಣಕ್ ಅಂತ. ಲಯಾನೂ ಓಡ್ತದ, ಬೆನ್ನ ಹತ್ತಿ ನಾಯಿ ಬಂದಂಗ.

ನನ್ನ ಹೆಸರಂತೂ ಹಾಕಲಿಲ್ಲ. ಹೆಸರಿಲ್ಲಂದ್ರೂ ಕೈ ನಂದೇ ಅದಲ್ಲ ಅಂತ ಅವತ್ತ ನುಂಗಿಕೊಂಡು ಬಾರಿಸಿದ್ದೆ. ಆಮ್ಯಾಲ ಅಂವ ಕೈನೂ ಬದಲಿ ಮಾಡಸ್ಯಾನ. ನಾ ಶಹಾಬಾದಿನಾಗ, ವಾಡ್ಯಾಗ ಎಲ್ಲಾರಿಗೂ ಹೇಳೀನಿ, ಅದು ಖೋಟಾ ಕ್ಯಾಸೆಟ್, ತೊಗೋಬ್ಯಾಡ್ರಿ ಅಂತ. ಇದನ್ನ ಅವನ ಮುಂದ ಹೇಳಬ್ಯಾಡ. ನನಗ ನೋವಾಗ್ಯದ ಅಂತ ಅಂವಗ ತಿಳಿಯೂದು ಬ್ಯಾಡ. ಖಸಂ ಅದ ನಿನಗ.”

ಅಜ್ಜ ಇಷ್ಟೇ ಹೇಳಿ ಎದ್ದು ಹೋದರು. ಮುಂದಿನದು ನನ್ನ ಮಾತು. ಆ ಕ್ಯಾಸೆಟ್ ಇನ್ನೂ ಅಜ್ಜನ ಬಳಿ ಇದೆ, ತಬಲಾದ ಗಂಟಿನೊಳಗೆ. ಈದ್ ದಿನ ಒಮ್ಮೆ ಹಾಕುತ್ತಾರೆ. ಮೊದಲನೇ ಬಾಜು ಮುಗಿಯುತ್ತಿದ್ದಂತೆ ಬಂದ್ ಮಾಡಿಬಿಡುತ್ತಾರೆ.

ಉಜ್ಮಾ


ಐನಾಪುರ
೨ ಸೆಪ್ಟೆಂಬರ್ ೨೦೨೪

ಮಾನ್ಯ ದೇವಿಂದ್ರಪ್ಪನವರಿಗೆ,

ಹಾಜಿಸಾಬರಿಂದ ಉತ್ತರ ಬಂದಿದೆ. ಸಹಿ ಮಾಡಿ ಏನನ್ನೂ ಕೊಟ್ಟಿಲ್ಲ. ಅವರು ಹೇಳಿದ್ದನ್ನು ನಿಮಗೆ ತಿಳಿಸಬಾರದೆಂದು ಆಣೆ ಹಾಕಿದ್ದಾರೆ, ಆದ್ದರಿಂದ ತಿಳಿಸಲಾರೆ.

ಸೇಡಂಗೆ ಹೋಗಿ ಸಂಗಮೇಶ್ವರ ಅವರನ್ನೂ ಕಂಡೆ. ಈಗ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಪಟ್ಟೆಯ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಿದೆವು. “ನಾ ಹಾಡಿಲ್ಲ ತಂಗಿ, ದೇವರಾಣೆ,” ಎಂದರು. ಮತ್ತೆ ಹಿಟ್ಟಿನ ಕೈ ಒರೆಸಿಕೊಂಡು, “ಆದ್ರ ಆ ಸುದ್ದಿ ಕೇಳಿದ ನಾಕ ಮಂದಿ ಬಂದು, ಎರಡನೇ ಬಾಜುದಾಗ ಭಾಳ ಛಂದ ಹಾಡೀರಿ ಅಂತಿದ್ರು. ಇಲ್ರಿ ಅಂತ ಹೇಳಲಿಕ್ಕೆ ನನಗ ಬಾಯೇ ಬರಲಿಲ್ಲ. ನನ್ನ ಹಾಡಿಗೆ ಯಾರೂ ಅಷ್ಟು ಹೊಗಳಿದ್ದಿಲ್ಲ ನೋಡು,” ಎಂದು ನಾಚಿಕೊಂಡರು. ನಂಬಬೇಕೋ ಬೇಡವೋ ತಿಳಿಯಲಿಲ್ಲ.

ನಿಮ್ಮ ಗಾಳಿ ನನಗೂ ಸೋಕಿರಬೇಕು. ಬಸ್ಸಿನಲ್ಲಿ ಬರುವಾಗ ಎಲ್ಲರ ಮೇಲೂ ಅನುಮಾನ ಬಂತು. ನಿಮ್ಮ ಮೇಲೂ. ನೀವೇ ಹಾಡಿ, ಯಾವುದೋ ಹಳೆಯ ಸಿಟ್ಟಿಗೆ ಈಗ ಅಲ್ಲವೆನ್ನುತ್ತಿದ್ದೀರಾ? ಇಷ್ಟು ಒಳ್ಳೆಯ ನಾಲ್ಕು ಹಾಡುಗಳಿಗೆ ಹಾಡಿದವರೇ ಇಲ್ಲ ಎಂದರೆ ನಾನು ಹೇಗೆ ಒಪ್ಪಲಿ?

ಸುಮಂಗಲಾ


ನಾಲವಾರ
೧೧ ಸೆಪ್ಟೆಂಬರ್ ೨೦೨೪

ಶ್ರೀಮತಿ ಸುಮಂಗಲಾ ಅವರಿಗೆ,

ಹಾಜಿಸಾಬನಿಗೂ ನಿಮಗೂ ಗುಟ್ಟಿನ ಮಾತುಕತೆ ಶುರುವಾಗಿದೆ. ನನಗೆ ಬೇಕಾಗಿದ್ದ ಪುರಾವೆ ಸಿಕ್ಕಿತು. ನಿಮ್ಮನ್ನು ಕಳಿಸಿದವರು ಯಾರೆಂದು ಇನ್ನು ಕೇಳುವುದಿಲ್ಲ.

ಒಪ್ಪಿಗೆ ಇಲ್ಲ. ನನ್ನ ಪದಗಳಲ್ಲಿ ಒಂದಕ್ಷರ ಮೊಬೈಲಿನಲ್ಲಿ ಕೇಳಿಬಂದರೂ ಮುಂದಿನ ಕಾಗದ ವಕೀಲರಿಂದ ಬರುತ್ತದೆ. ಇನ್ನು ಬರೆಯಬೇಡಿ.

ದೇವಿಂದ್ರಪ್ಪ


ಐನಾಪುರ
೨೧ ಅಕ್ಟೋಬರ್ ೨೦೨೪

ದೇವಿಂದ್ರಪ್ಪ ಕಾಕಾ,

ಬರೆಯಬೇಡಿ ಎಂದಿದ್ದೀರಿ. ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಒಂದು ಸಲ ಓದಿರಿ, ನಿಮಗೆ ಕೈ ಮುಗಿಯುತ್ತೇನೆ.

ಹೋದ ವಾರ ನಮ್ಮಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಮಧ್ಯಾಹ್ನ ಅವ್ವ ಬೇಸರಕ್ಕೆ ಹಳೆಯ ಟೇಪ್‌ರೆಕಾರ್ಡರಿಗೆ ಸೆಲ್ ಹಾಕಿ ನಿಮ್ಮ ಎರಡನೇ ಬಾಜು ಹಚ್ಚಿದಳು. ಮನೆಯ ಹಳೆಯ ಟಾರ್ಚುಗಳಿಂದ ತೆಗೆದ ಸೆಲ್‌ಗಳು ಯಾವತ್ತೋ ಇಳಿದು ಹೋಗಿದ್ದವು. ಟೇಪು ಎಳೆಯತೊಡಗಿತು. ಸೆಲ್ ಇಳಿದಾಗ ಹಾಡು ನಿಧಾನವಾಗಿ ದನಿ ದಪ್ಪಗಾಗುವುದು ನಿಮಗೂ ಗೊತ್ತಲ್ಲ. ನಾನು ಬಂದ್ ಮಾಡಲು ಎದ್ದೆ. ಅವ್ವ ಕೈ ಹಿಡಿದಳು.

“ತಡೀ. ಇಂವ ಮೊದಲನೇ ಬಾಜೂದ ಮನಷ್ಯಾನೇ ಅಲ್ಲೇನ?”

ಕಾಕಾ, ನೀವೇ. ಮೊದಲನೇ ಬಾಜುವಿನ ಅದೇ ತುಂಬಿದ ದನಿ, ಅದೇ ನೆಲದೊಳಗಿನ ಡಗ್ಗಾ. ಇಷ್ಟು ವರ್ಷ ಅವ್ವ ಅದನ್ನು ಕುಣಿಸುವ ಹಾಡು ಎಂದುಕೊಂಡಿದ್ದಳು. “ನಕ್ಕೋತ ಹಾಡ್ಯಾನ ಅನಕೊಂಡಿದ್ದೆ, ಇಂವ ಅಳಕೋತ ಹಾಡ್ಯಾನಲ್ಲ,” ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು.

ಸೆಲ್ ಇಳಿದ ಯಂತ್ರದಲ್ಲಿ ಹಾಕಿದರೆ ಸರಿಯಾಗಿ ಕೇಳುತ್ತದೆ ಎಂದರೆ, ಅದನ್ನು ತುಂಬಿಕೊಂಡದ್ದೂ ಸೆಲ್ ಇಳಿದ ಯಂತ್ರವೇ ಇರಬೇಕು. ತುಂಬುವಾಗ ನಿಧಾನವಾಗಿ ಓಡಿದ ಟೇಪು, ಸರಿಯಾದ ಯಂತ್ರದಲ್ಲಿ ಹಾಕಿದಾಗ ಬೇಗ ಬೇಗ ಓಡಿ ದನಿ ಸಣ್ಣಗಾಗುತ್ತದೆ. ಸೆಲ್ ಇಳಿಯುತ್ತ ಹೋದಂತೆ ಹಾಡು ಹಾಡಿಗೂ ಇನ್ನಷ್ಟು ಸಣ್ಣಗಾಗಿದೆ. ಅವತ್ತು ವಾಡಿಯಲ್ಲಿ ಕರೆಂಟ್ ಹೋಗಿತ್ತೇ?

ನೀವು ಅನುಮಾನ ಪಡುತ್ತೀರೆಂದು ಗೊತ್ತು. ನಿಮ್ಮದೇ ಕಾಗದದಿಂದ ಪುರಾವೆ ಕೊಡುತ್ತೇನೆ. ನಿಮ್ಮ ಪೇಟಿಯ ಒಂದು ಸ್ವರದ ಮನೆ ಒತ್ತಿದಾಗಲೆಲ್ಲ ದುಂಬಿ ಹೊಕ್ಕಂತೆ ಗುಂಯ್ ಎನ್ನುತ್ತದೆ. ಆ ದುಂಬಿ ಮೊದಲನೇ ಬಾಜುವಿನಲ್ಲಿದೆ. ಎರಡನೆಯದರಲ್ಲೂ ಇದೆ. ಪೇಟಿ ಅಂದೇ ಸಂಜೆ ನಿಮ್ಮ ಹೆಗಲೇರಿ ಬಂತು, ಮತ್ತೆ ಹೊಸ್ತಿಲು ದಾಟಿಲ್ಲ ಎಂದು ನೀವೇ ಸಹಿ ಮಾಡಿ ಬರೆದಿದ್ದೀರಿ. ಹಾಗಾದರೆ ನೀವು ಹೋದ ಮೇಲೆ ಹಾಡಿಸಿದ ಬಾಜುವಿನೊಳಗೆ ಆ ದುಂಬಿ ಹೇಗೆ ಬಂತು?

ಇನ್ನೊಂದು ಮಾತು. ಹಾಜಿಸಾಬರ ಮೊಮ್ಮಗಳು ಉಜ್ಮಾಳನ್ನು ಕೇಳಿ, ಅವಳು ಹೂಂ ಎಂದ ಮೇಲೆ ಆಣೆ ಮುರಿಯುತ್ತಿದ್ದೇನೆ. ಎರಡನೇ ಬಾಜುವಿನ ತಬಲಾ ತಮ್ಮದಲ್ಲ, ನೀವು ಬೇರೆಯವರನ್ನು ಕೂಡಿಸಿ ಬಾರಿಸಿಕೊಂಡಿರಿ ಎಂದು ಹಾಜಿಸಾಬರು ಇಪ್ಪತ್ತೇಳು ವರ್ಷದಿಂದ ಸಂಕಟಪಡುತ್ತಿದ್ದಾರೆ. ಅವರೂ ಊರೂರಲ್ಲಿ ಹೇಳಿದ್ದು ನೀವು ಹೇಳಿದ್ದನ್ನೇ, ತೆಗೆದುಕೊಳ್ಳಬೇಡಿ ಎಂದು. ಈ ಕ್ಯಾಸೆಟ್ ಯಾಕೆ ಯಾರ ಕಿವಿಗೂ ಬೀಳಲಿಲ್ಲ ಎಂದು ನಾನು ಜನರನ್ನು ಬೈಯುತ್ತಿದ್ದೆ.

ನಿಮ್ಮ ಮಗಳಂಥ,
ಸುಮಂಗಲಾ


ನಾಲವಾರ
೧೭ ನವೆಂಬರ್ ೨೦೨೪

ಸುಮಂಗಲಾ ತಂಗಿಗಿ ನೀಲಾಬಾಯಿ ಮಾಡುವ ಶರಣು.

ನಾ ದೇವಿಂದ್ರಪ್ಪನವರ ಮನಿಯಾಕಿ. ನನಗ ಕಾಗದಾ ಬರೀಲಿಕ್ಕೆ ಅಷ್ಟು ಬರೂದಿಲ್ಲ. ಮಾತಾಡಿದಂಗ ಬರೀತೀನಿ, ತಪ್ಪ ತಿಳೀಬ್ಯಾಡ.

ನಿನ್ನ ಕಾಗದ ಅವರು ನಾಕ ಸಲ ಓದಿ ದಿಂಬಿನ ಕೆಳಗ ಇಟ್ಟಾರ. ಹರಿದಿಲ್ಲ. ಊಟಕ್ಕ ಕುಂತ್ರೂ ಗೋಡಿ ನೋಡ್ತಾರ. ಇವತ್ತ ಮಠಕ್ಕ ಹೋಗ್ಯಾರ. ಅದಕ್ಕ ನಾ ಪೇಟಿ ತಗದು ನೋಡಿದೆ. ಧೂಳ ಭಾಳ ಇತ್ತು. ಒಂದೊಂದೇ ಮನಿ ಒತ್ತಿದೆ. ಎಡಗಡಿಯಿಂದ ಮೂರನೇ ಕರೀ ಮನಿ ಗುಂಯ್ ಅಂತು. ಆ ಪೇಟಿ ಯಾರಿಗೂ ಕೊಟ್ಟಿಲ್ಲ ತಂಗಿ, ನಾ ಸಾಕ್ಷಿ ಇದ್ದೀನಿ.

ಖರೇ ಹೇಳಲೇನು? ನನಗ ಅವತ್ತೇ ಗೊತ್ತಿತ್ತು. ಎರಡನೇ ಬಾಜು ಹಾಕಿದ ದಿನಾನೇ. ಪದ ಮುಗಿಯೂ ಮುಂದ ಅವರು ಮೂಗಿನ್ಯಾಗ ಒಂದ ಉಸರು ಎಳಕೋತಾರ. ಆ ಉಸರು ಅದರಾಗ ಅದ. ದನಿ ಬ್ಯಾರೆ ಆದ್ರೂ ಉಸರು ಬ್ಯಾರೆ ಆಗತದೇನು? ನಾ ಹೇಳಿದೆ, ಇದು ನಿಮ್ದೇ ಅದರಿ ಅಂತ. ಅವರು ನನ್ನ ಮಾರಿ ನೋಡಿ, “ಹಾಜಿ ನಿನಗ ಏನ್ ಹೇಳಿ ಕಳಸ್ಯಾನ?” ಅಂದ್ರು. ಹನ್ನೆರಡು ವರ್ಷ ಸಂಸಾರ ಮಾಡಿದಾಕಿನ್ನ ಹಂಗ ಕೇಳಿದ್ರು. ಅವತ್ತಿಂದ ನಾ ಆ ಮಾತು ಎತ್ತಿಲ್ಲ.

ಬಂದ ಮ್ಯಾಲ ಮೂರನೇ ಕರೀ ಮನಿ ಒತ್ತಿ ತೋರಸ್ತೀನಿ. ಈ ಸಲ ಅಂಜೂದಿಲ್ಲ.

ನೀಲಾಬಾಯಿ


ನಾಲವಾರ
೮ ಡಿಸೆಂಬರ್ ೨೦೨೪

ಚಿರಂಜೀವಿ ಸುಮಂಗಲಾಗೆ ದೇವಿಂದ್ರಪ್ಪ ಕಾಕಾನ ಆಶೀರ್ವಾದಗಳು.

ತಡವಾಯಿತು.

ಕರೆಂಟ್ ಹೋಗಿತ್ತು. ಮೊದಲನೇ ಬಾಜು ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಹೊಸ ಸೆಲ್ ತರಿಸೋಣ ಎಂದು ಮಹೇಶಕುಮಾರ ಹೇಳಿದ. ಬೇಡ ಎಂದವನು ನಾನು. ಹಳೆಯ ಸೆಲ್‌ಗೆ ಹೊಸ ಕಾಗದ ಸುತ್ತಿ ಮಾರುತ್ತಾರೆ ಎಂಬ ಗುಮಾನಿ ನನಗೆ. ಅವನ ಅಂಗಡಿಯಲ್ಲೇ ಬಿದ್ದಿದ್ದ ಆರು ಹಳೆಯ ಸೆಲ್ ಹೆಕ್ಕಿ, ಹಿತ್ತಲಿನ ಫರಸಿಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟೆ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು, ಬಿಸಿಲಿಗಿಟ್ಟರೆ ಸೆಲ್‌ಗೆ ಒಂದಿಷ್ಟು ಜೀವ ಬರುತ್ತದೆ ಎಂದು. ಮೇ ತಿಂಗಳ ವಾಡಿಯ ಬಿಸಿಲು, ಕೇಳಬೇಕೇ! ಸೆಲ್ ಕಾಯುವವರೆಗೆ ಹಾಜಿಸಾಬ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಪುಂಡಿಪಲ್ಯ. ಅವನ ಹೆಂಡತಿ ನನ್ನ ಸಲುವಾಗಿ ಖಾರ ಕಡಿಮೆ ಹಾಕಿದ್ದಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ಹೊದಿಕೆಯಲ್ಲಿ ತನ್ನ ಹೆಸರಿಲ್ಲದ್ದನ್ನು ನೋಡಿದ ಮೇಲೆ, ಮಗಳೇ. ನೋಡಿದ ಮೇಲೂ ಅವನು ನನಗೆ ರೊಟ್ಟಿ ಮುರಿದು ಕೊಟ್ಟ. ಆ ಮೌನವನ್ನೇ ನಾನು ಕಳ್ಳತನ ಎಂದು ಓದಿದೆ.

ಸೆಲ್‌ಗಳನ್ನು ನಾನೇ ಯಂತ್ರಕ್ಕೆ ತುಂಬಿದೆ. ಆಮೇಲೆ ಈ ಸಂಗತಿ ಒಂದು ದಿನವೂ ನನಗೆ ನೆನಪಾಗಲಿಲ್ಲ. ಮಂದಿಯ ತಪ್ಪು ಹುಡುಕುವುದರಲ್ಲೇ ಇದ್ದೆ, ನನ್ನದು ಎಲ್ಲಿ ನೆನಪಾದೀತು?

ನೀಲಾಬಾಯಿ ಪೇಟಿ ತಂದು ಎದುರಿಗಿಟ್ಟು ಮೂರನೇ ಕರೀ ಮನೆ ಒತ್ತಿದಳು. “ಈಗ ಹೇಳ್ರಿ, ಹಾಜಿ ಕಳಸ್ಯಾನೇನು?” ಎಂದಳು. ಮಗ್ಗುಲಿನವರ ಟೇಪ್‌ರೆಕಾರ್ಡರ್ ತಂದು, ಇಳಿದ ಸೆಲ್ ಹಾಕಿ, ಕ್ಯಾಸೆಟ್ ಹಚ್ಚಿದಳು. ಕೇಳಿದೆ. ನಾನೇ ಇದ್ದೆ. ಮೊದಲನೇ ಬಾಜುವಿಗಿಂತ ಚೆನ್ನಾಗಿ ಹಾಡಿದ್ದೆ. ಅಷ್ಟು ಚೆನ್ನಾಗಿ ಹಾಡಿದ್ದನ್ನು ಕಳ್ಳಮಾಲು ಎಂದು ಊರೂರು ಸಾರಿ ಬಂದವನೂ ನಾನೇ. ನಿನ್ನ ಮುಂದೆ ಬಚ್ಚಿಡುವುದೇನು, ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ನೀಲಾಬಾಯಿಯ ಕ್ಷಮೆ ಕೇಳಿದೆ. ಅವಳು ಎದ್ದು ಹೋಗಿ ಚಹಾ ಇಟ್ಟಳು.

ಒಪ್ಪಿಗೆ ಕೊಟ್ಟಿದ್ದೇನೆ, ಕೆಳಗೆ ಸಹಿ ಇದೆ. ಎರಡನೇ ಬಾಜುವನ್ನು ಎರಡು ರೀತಿಯಲ್ಲೂ ಹಾಕು. ನಾನು ಹಾಡಿದ ಹಾಗೆ ಒಂದು, ನಿಮ್ಮವ್ವ ಇಷ್ಟು ವರ್ಷ ಕೇಳಿದ ಹಾಗೆ ಒಂದು. ಇದರಲ್ಲಿ ಅಸಲು ಯಾವುದು ಎಂದು ಮಾತ್ರ ನನ್ನನ್ನು ಕೇಳಬೇಡ, ಮುದ್ರೆ ಒತ್ತುವ ಧೈರ್ಯ ನನಗೆ ಉಳಿದಿಲ್ಲ. ಹೆಸರಿನಲ್ಲಿ ‘ಸಂಗಡಿಗರು’ ಎಂಬುದನ್ನು ಹೊಡೆದು ಹಾಕು. ಹಾಜಿಸಾಬ ಎಂದು ಬರೆ, ನನ್ನ ಹೆಸರಿಗಿಂತ ಮೊದಲು. ಅವನಿಗೆ ನೀನು ಏನೂ ಹೇಳಬೇಡ. ನಾನೇ ಬರೆಯಬೇಕು.

ಶರಣು ಶರಣಾರ್ಥಿ,
ದೇವಿಂದ್ರಪ್ಪ


ನಾಲವಾರ
೬ ಜನವರಿ ೨೦೨೫

ಶ್ರೀ ಹಾಜಿಸಾಬ ಅವರಿಗೆ,

ವಿಷಯ: ೧೯೯೭ರ ಮೇ ತಿಂಗಳ ಧ್ವನಿಮುದ್ರಣದ ಕುರಿತು. ಸದರಿ ಧ್ವನಿಮುದ್ರಣದ ಎರಡನೇ ಬಾಜುವಿನಲ್ಲಿ ಕಂಡುಬಂದ ವ್ಯತ್ಯಾಸಕ್ಕೆ ಕೆಳಗೆ ಸಹಿ ಮಾಡಿದವನೇ ಕಾರಣನೆಂದು ಈ ಮೂಲಕ

ಹಾಜಿ, ಈ ಕಚೇರಿ ಭಾಷಾ ಸಾಕು. ಬರೀಲಿಕ್ಕೆ ಆಗವಲ್ತು.

ಸೆಲ್ಲಿನ ದೋಷ ಅದು. ಬಿಸಿಲಿಗೆ ಇಟ್ಟಿದ್ದೆನಲ್ಲ, ಆ ಆರು ಸೆಲ್ಲು. ಇಳದ ಸೆಲ್ಲಿನಾಗ ತುಂಬಿಕೊಂಡಿದ್ದಕ್ಕ ನನ್ನ ದನಿ ಸಣ್ಣ ಆಗ್ಯದ, ನಿನ್ನ ಡಗ್ಗಾ ಡಬ್ಬಿ ಆಗ್ಯದ. ನಾ ಯಾರನ್ನೂ ಕರಸಿಲ್ಲ. ನೀನೂ ಕರಸಿಲ್ಲ. ನಿನ್ನ ಮ್ಯಾಲ ನಾ ಹೊರಸಿದ್ದೆಲ್ಲಾ ಸುಳ್ಳು. ಇಳದ ಸೆಲ್ಲು ಹಾಕಿ ಕ್ಯಾಸೆಟ್ ಹಚ್ಚು, ನಿನ್ನ ಕೈ ನಿನಗ ಕೇಳಸ್ತದ.

ಹೆಸರಿಂದು ಮಾತ್ರ ಸೆಲ್ಲಿನ ದೋಷ ಅಲ್ಲ. ಅದು ನಂದು. ಭಜನಿ ಮ್ಯಾಳದಾಗ ಸಂಗಡಿಗರು ಅಂತ ಬರಿಯೂದು ಪದ್ಧತಿ ಅಂತ ನನಗ ನಾನೇ ಹೇಳಿಕೊಂಡೆ. ಖರೇ ಅಂದ್ರ, ಹೆಸರು ನನ್ನೊಬ್ಬಂದೇ ಇರಲಿ ಅಂತ ಆಸೆ ಇತ್ತು. ಅದಕ್ಕೇ ನಿನ್ನ ಮ್ಯಾಲ ಅನುಮಾನ ಬಂತು. ಅಷ್ಟು ತಪ್ಪು ಮಾಡಿದಾವಗ ನೀ ತಿರುಗಿ ಏನಾರೆ ಮಾಡೇ ಮಾಡ್ತಿ ಅಂತ ಅಂಜಿಕಿ ಇತ್ತು ನನಗ.

ಪೇಟಿಯ ಮೂರನೇ ಕರೀ ಮನಿ ಇನ್ನೂ ಗುಂಯ್ ಅಂತದ. ನೀಲಾಬಾಯಿ ರಿಪೇರಿ ಮಾಡಸ್ರಿ ಅಂದ್ಳು. ನಾ ಬ್ಯಾಡ ಅಂದೀನಿ. ಅದೊಂದೇ ನಮ್ಮಿಬ್ಬರ ಕಡಿ ಸಾಕ್ಷಿ ನುಡದದ್ದು.

ನೀ ಬರ್ತಿ ಅಂತ ಕೇಳೂ ಮಾರಿ ನನಗಿಲ್ಲ. ಆದ್ರೂ ಕೇಳ್ತೀನಿ. ಒಮ್ಮೆ ಬಾ.

ನಿನ್ನ,
ದೇವಿಂದ್ರ


ಶಹಾಬಾದ
೧೯ ಜನವರಿ ೨೦೨೫

ದೇವಿಂದ್ರ,

ಉಜ್ಮಾ ಬರೀಲಿಕತ್ತಾಳ, ನಾ ಹೇಳಲಿಕತ್ತೀನಿ.

ನಿನ್ನ ಕಾಗದ ಬಂದು ಎಂಟು ದಿನ ಆತು. ಮೊದಲ ಎರಡು ದಿನ, ಇದು ನೀ ಬರದದ್ದು ಅಲ್ಲ, ಯಾರೋ ನಿನ್ನ ಹೆಸರಿಂದ ಬರದಾರ ಅಂದೆ. ದೇವಿಂದ್ರ ತಪ್ಪಾತು ಅಂತ ಬರಿಯೂ ಮನಷ್ಯಾ ಅಲ್ಲ. ನಿನ್ನ ಜೋಡಿ ಹದಿನಾರು ವರ್ಷ ಇದ್ದು ನನಗೂ ನಿನ್ನ ರೋಗ ಹತ್ತ್ಯದ.

ಆಮ್ಯಾಲ ಉಜ್ಮಾ ಇಳದ ಸೆಲ್ಲು ಹುಡಿಕಿ ತಂದು ಕ್ಯಾಸೆಟ್ ಹಚ್ಚಿದ್ಳು. ಡಗ್ಗಾ ನಂದೇ ಇದ್ದಂಗ ಅನಸ್ತದ. ನೆಲಕ್ಕ ಕೇಳ್ತು. ಈ ಬಾಜು ನಾ ಪೂರಾ ಕೇಳಿದ್ದು ಇದೇ ಪೈಲಾ ಸಲ. ಕಡೀ ಪದದಾಗ ನೀ ಒಂದ ಕಡಿ ತಾಳ ಬಿಟ್ಟೀದಿ, ನಾ ಒಂದ ಮಾತ್ರಾ ನಿಂತು ನಿನ್ನ ಹಿಡಕೊಂಡೀನಿ. ಮಂದಿಗೆ ತಿಳಿಯೂದಿಲ್ಲ. ನನಗ ತಿಳೀತು. ಅಷ್ಟು ಮಾಡಿದಾವ ನಾ, ಬ್ಯಾರೆವರು ಯಾರೂ ಮಾಡ್ತಿದ್ದಿಲ್ಲ.

ಹೆಸರಿನ ಮಾತು ಬಿಡು. ಇಬ್ಬರಿಗೂ ವಯಸ್ಸಾತು. ಬಿಡು ಅಂದೀನಿ ಅಂತ ಮರತೀನಿ ಅಂತ ತಿಳೀಬ್ಯಾಡ. ಎದುರಿಗೆ ಕುಂತು ಒಮ್ಮೆ ಬೈತೀನಿ, ಆಮ್ಯಾಲ ಬಿಡ್ತೀನಿ.

ಆದ್ರೂ ಪೂರಾ ನಂಬಿಕಿ ಬರವಲ್ತು. ಆ ಮೂರನೇ ಕರೀ ಮನಿ ಖರೇನೇ ಗುಂಯ್ ಅಂತದೋ, ಇಲ್ಲಾ ನೀನೇ ಕಟ್ಟಿ ಬರದೀಯೋ ಯಾರು ಬಲ್ಲರು? ನನ್ನ ಕೈಲೇ ಒತ್ತಿ ನೋಡಬೇಕು. ಬರೂ ಗುರುವಾರ ಮಧ್ಯಾಹ್ನದ ಪ್ಯಾಸೆಂಜರಿಗೆ ಉಜ್ಮಾ ನನ್ನ ಕರಕೊಂಡು ಬರ್ತಾಳ. ತಬಲಾ ಗಂಟು ಭಾರ ಅದ, ಸ್ಟೇಶನ್ನಿಗೆ ಬಾ. ನೀಲಾಬಾಯಿಗೆ ಸಲಾಂ ಹೇಳು. ಪುಂಡಿಪಲ್ಯದಾಗ ಖಾರ ಕಮ್ಮಿ ಹಾಕು ಅನ್ನು, ಈಗ ನನಗೂ ತಡೀವಲ್ತು.

ಎರಡನೇ ಬಾಜು ಮತ್ತೊಮ್ಮೆ ಹಾಡೂಣು. ಉಜ್ಮಾನ ಫೋನಿನಾಗ ತುಂಬತದಂತ, ನನಗೇನೂ ಅದರ ಮ್ಯಾಲ ಭರೋಸಾ ಇಲ್ಲ. ಟೇಪೂ ಇರಲಿ. ಸೆಲ್ಲು ನಾನೇ ಹೊಸಾವು ತರ್ತೀನಿ. ನೀ ತರಬ್ಯಾಡ.

ಹಾಜಿ